ಪಣದ ಹಣವೂ ದಾಸೋಹದ ಅನ್ನವೂ

ಭಕ್ತನಾದ ಗೃಹಸ್ಥನ ಕೈಗೆ ಬಂದ ಹಣವನ್ನು ಕುರಿತು ಶರಣಧರ್ಮವು ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಇದು ಎಲ್ಲಿಂದ ಬಂದಿತು ಎಂಬುದು ಮೊದಲನೆಯದು. ಇದು ಎಲ್ಲಿಗೆ ಹೋಗುವುದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರವು ಕಾಯಕ, ಎರಡನೆಯದಕ್ಕೆ ದಾಸೋಹ. ಇವೆರಡೂ ಒಂದೇ ತಕ್ಕಡಿಯ ತಟ್ಟೆಗಳಾಗಿದ್ದರೂ ಎರಡನೆಯದಕ್ಕೆ ದೊರೆತ ಮರ್ಯಾದೆ ಮೊದಲನೆಯದಕ್ಕೆ ದೊರೆತಿಲ್ಲ. ಯಾರು ಎಷ್ಟು ಕೊಟ್ಟರೆಂಬುದನ್ನು ಗೋಡೆಯ ಕಲ್ಲಿನಲ್ಲಿ ಕೆತ್ತಿಸುವ ಪದ್ಧತಿಯುಂಟು. ಕೊಟ್ಟದ್ದು ಯಾವ ದುಡಿಮೆಯಿಂದ ಒದಗಿತೆಂಬುದನ್ನು ಕೆತ್ತಿಸುವ ಪದ್ಧತಿಯಿಲ್ಲ. ಪಣವಿಟ್ಟಾಡುವ ಇಸ್ಪೀಟಿನ ವಿಚಾರವನ್ನು ಈ ಮೊದಲನೆಯ ಪ್ರಶ್ನೆಯ ಬೆಳಕಿನಲ್ಲಿ ಪರಾಮರ್ಶಿಸುವುದು ಪ್ರಕೃತ ಅವಶ್ಯಕವಾಗಿದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಜನಕ್ಕೆ ಇಸ್ಪೀಟು ಹೊಸದಲ್ಲ. ಆಷಾಢದ ಮಳೆ ಹಿಡಿದು ಹೊರಗೆ ಕಾಲಿಡಲಾಗದ ದಿನಗಳಲ್ಲಿ ಜಗುಲಿಯ ಮೇಲೆ ಚಾಪೆ ಹಾಸಿ ಎಲೆ ಹಂಚಿದವರು ಹಿಂದೆಯೂ ಇದ್ದರು. ಅಡಿಕೆಯ ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿದ ಸರಕು ಮಂಡಿಗೆ ಸೇರಿ, ಕೈಯಲ್ಲಿ ನಾಲ್ಕು ಕಾಸು ಕಾಣಿಸಿಕೊಂಡ ಮೇಲೆ ಆಟದ ಬಿಸಿಯೂ ಏರುವುದು ಸರ್ವವಿದಿತ. ದೀಪಾವಳಿಯ ರಾತ್ರಿಯ ಆಟವಂತೂ ಹಬ್ಬದ ಅಂಗವೆಂಬಂತೆ ನಡೆದುಬಂದಿದೆ. ಆದರೆ ಈಚೆಗೆ ಈ ಆಟಕ್ಕೆ ಹೊಸ ವೇಷವೊಂದು ಪ್ರಾಪ್ತವಾಗಿದೆ. ಪ್ರವೇಶಶುಲ್ಕ, ಬಹುಮಾನ, ಸುತ್ತು, ಅಂತಿಮ ಸುತ್ತು ಎಂಬ ವಿಧಿಗಳೊಡನೆ ಅದು 'ಟೂರ್ನಮೆಂಟು' ಎನಿಸಿಕೊಂಡಿದೆ. ದೊಡ್ಡ ಪಟ್ಟಣಗಳಲ್ಲಿ ಪೋಕರ್ ಎಂಬ ಹೆಸರಿನ ಆಟವು ಸಭ್ಯರ ಸ್ಪರ್ಧೆಯೆಂಬ ಕೀರ್ತಿಯನ್ನು ಸಂಪಾದಿಸಿತು. ಮೊಬೈಲಿನ ಮುಖಾಂತರ ಅದರ ಪರಿಚಯ ಹಳ್ಳಿಯ ತರುಣರಿಗೂ ಆಯಿತು. ಜೂಜುಕೋರನೆಂದು ಕರೆಸಿಕೊಳ್ಳಲು ನಾಚುವವನು ಸ್ಪರ್ಧಿಯೆಂದು ಕರೆಸಿಕೊಳ್ಳಲು ನಾಚುವುದಿಲ್ಲ. ಹೆಸರಿನ ಬಲ ಅಷ್ಟಿಷ್ಟಲ್ಲ!

ಹಬ್ಬದ ಆಟವನ್ನು ಸಮರ್ಥಿಸುವವರು ಶಾಸ್ತ್ರವನ್ನೂ ಪುರಾಣವನ್ನೂ ಎಳೆತರುವರು. ಬಲಿಪಾಡ್ಯಮಿಗೆ ದ್ಯೂತಪ್ರತಿಪದೆಯೆಂಬ ನಾಮಾಂತರವಿರುವುದು ನಿಜ; ಅಂದು ಪಾರ್ವತಿಯು ಪರಶಿವನೊಡನೆ ಪಗಡೆಯಾಡಿ ಗೆದ್ದಳೆಂಬ ಕಥೆಯೂ ಉಂಟು. ಸಾಕ್ಷಾತ್ ಶಿವನೇ ಆಡಿದ ಮೇಲೆ ಶಿವಭಕ್ತರಿಗೇನು ದೋಷವೆಂದು ಕೇಳುವವರು ಆ ಕಥೆಯನ್ನೇ ಇನ್ನೊಮ್ಮೆ ನೋಡಬೇಕು. ಅರ್ಧನಾರೀಶ್ವರನ ಎಡಭಾಗವು ಗೆದ್ದರೆ ಸೋತದ್ದು ಬಲಭಾಗವೇ. ಗೆದ್ದ ಧನವು ಕೈಲಾಸದಿಂದ ಹೊರಗೆ ಹೋಗಲಿಲ್ಲ; ಯಾರ ಮನೆಯ ಒಲೆಯೂ ಆರಲಿಲ್ಲ. ಎದುರಿಗೆ ಕುಳಿತವನ ಮಕ್ಕಳ ಶಾಲೆಯ ಶುಲ್ಕವನ್ನು ಗೆಲ್ಲುವವನು ಈ ಲೀಲೆಯನ್ನು ಆಧಾರವಾಗಿ ತೋರುವುದು ಹಾಸ್ಯಾಸ್ಪದವೇ ಸರಿ. ಮೇಲಾಗಿ, ಪುರಾಣದಲ್ಲಿ ದೇವತೆಗಳು ಮಾಡಿದ್ದೆಲ್ಲವೂ ನಡೆಯೆಂದು ಶರಣರು ಎಂದೂ ಒಪ್ಪಿದವರಲ್ಲ. ಅವರಿಗೆ ಪ್ರಮಾಣವಾದದ್ದು ಅಂಗೈಯ ಇಷ್ಟಲಿಂಗ, ಮತ್ತು ಆ ಅಂಗೈ ಮಾಡಿದ ಕೆಲಸ.

ವೈದಿಕ ವಾಙ್ಮಯದ ಸಾಕ್ಷಿಯನ್ನೇ ಕೇಳುವುದಾದರೆ ಅದು ಬೇರೆಯ ಮಾತನ್ನಾಡುತ್ತದೆ. ಋಗ್ವೇದದ ಹತ್ತನೆಯ ಮಂಡಲದ ಮೂವತ್ತನಾಲ್ಕನೆಯ ಸೂಕ್ತವು ದ್ಯೂತಕ್ಕೆ ಸಿಕ್ಕವನೊಬ್ಬನ ಪ್ರಲಾಪ. ಅತ್ತೆ ದ್ವೇಷಿಸುವಳು, ಹೆಂಡತಿ ದೂರವಾಗುವಳು, ಸಾಲಗಾರನಾದ ಆತನು ರಾತ್ರಿಯಲ್ಲಿ ಪರರ ಮನೆಯ ಕಡೆ ಸುಳಿಯುವನು. ಕೊನೆಗೆ ಆತನಿಗೆ ದೊರೆಯುವ ಉಪದೇಶವಾದರೂ ಏನು? ದಾಳವನ್ನು ಬಿಟ್ಟು ಹೊಲವನ್ನು ಉಳಬೇಕೆಂಬುದು. ಸಾವಿರಾರು ವರ್ಷಗಳ ಹಿಂದಿನ ಆ ಋಷಿಯೂ ಜೂಜಿನ ರೋಗಕ್ಕೆ ಉಪವಾಸವನ್ನಾಗಲಿ ಹೋಮವನ್ನಾಗಲಿ ಹೇಳದೆ ದುಡಿಮೆಯನ್ನೇ ಔಷಧಿಯಾಗಿ ಹೇಳಿದ್ದು ಗಮನಾರ್ಹ. ಮನುವು ನಿರ್ಜೀವ ವಸ್ತುಗಳಿಂದ ಆಡುವುದನ್ನು ದ್ಯೂತವೆಂದೂ ಪ್ರಾಣಿಗಳಿಂದ ಆಡಿಸುವುದನ್ನು ಸಮಾಹ್ವಯವೆಂದೂ ವಿಂಗಡಿಸಿ ಎರಡನ್ನೂ ನಿಷೇಧಿಸಿದನು. ಮಲೆನಾಡಿನ ಕೋಳಿ ಅಂಕವು ಈ ಎರಡನೆಯ ಗುಂಪಿಗೆ ಸೇರತಕ್ಕದ್ದು. ಕೌಟಿಲ್ಯನು ಮಾತ್ರ ವ್ಯವಹಾರಚತುರ. ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ರಾಜನಿಗೆ ಸಲ್ಲುವಂತೆ ಮಾಡಿದನು. ಯಾರು ಗೆದ್ದರೂ ಯಾರು ಸೋತರೂ ಆಡಿಸುವವನು ಸೋಲುವುದಿಲ್ಲವೆಂಬ ತತ್ತ್ವವು ಅಂದೇ ಸ್ಥಿರಪಟ್ಟಿತ್ತು.

ಇನ್ನು ರಾಜಶಾಸನದ ವಿಚಾರ. ಕಾನೂನು ಒಪ್ಪಿದ್ದನ್ನು ಧರ್ಮವೇಕೆ ಒಪ್ಪದು ಎಂಬುದು ತರುಣರ ಮುಖ್ಯವಾದ ಆಕ್ಷೇಪಣೆ. ಆದ್ದರಿಂದ ಕಾನೂನು ಏನು ಹೇಳಿತೆಂಬುದನ್ನು ಯಥಾರ್ಥವಾಗಿ ತಿಳಿಯುವುದು ಒಳ್ಳೆಯದು. ೧೯೫೭ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣದ ಮೂಲವು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆಯೊಂದರ ಪದಬಂಧದ ಬಹುಮಾನ ಸ್ಪರ್ಧೆ. ಜೂಜು ವ್ಯಾಪಾರವೆನಿಸದು, ವ್ಯಾಪಾರಕ್ಕಿರುವ ಸಂವಿಧಾನದ ರಕ್ಷಣೆ ಅದಕ್ಕಿಲ್ಲ ಎಂದು ಆಗ ತೀರ್ಪಾಯಿತು. ಆ ತೀರ್ಪಿನಲ್ಲಿ ಋಗ್ವೇದ, ಮಹಾಭಾರತಗಳ ಪ್ರಸ್ತಾಪವೂ ಬಂದಿದೆ. ಆದರೆ ಕೌಶಲವು ಪ್ರಧಾನವಾಗಿರುವ ಸ್ಪರ್ಧೆಯು ಜೂಜಲ್ಲವೆಂಬ ಭೇದವೂ ಅಂದೇ ನೆಲೆಗೊಂಡಿತು. ೧೯೬೭ರಲ್ಲಿ ಅದೇ ನ್ಯಾಯಾಲಯವು ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದಿತು. ಆದರೂ ಪಣದ ಆಟದಿಂದ ಮನೆಯೊಡೆಯನೋ ಸಂಘವೋ ಲಾಭ ಪಡೆಯುತ್ತಿದ್ದರೆ ಅಪರಾಧವಾದೀತೆಂದು ಎಚ್ಚರಿಸಿತು. ಈ ಎರಡನೆಯ ವಾಕ್ಯವನ್ನು ನೆನಪಿಟ್ಟವರು ಕಡಿಮೆ. ಮೈಸೂರು ರಾಜ್ಯದ ಕಾಲದಲ್ಲಿ ರಚಿತವಾದ ೧೯೬೩ರ ಪೊಲೀಸು ಶಾಸನವೂ ಕೇವಲ ಕೌಶಲದ ಆಟಗಳನ್ನು ಹೊರತುಪಡಿಸುತ್ತದೆ. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿಯ ಅಗತ್ಯವಿಲ್ಲವೆಂಬ ಅಭಿಪ್ರಾಯವು ೨೦೧೩ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ಬಂದಿತು. ೨೦೨೧ರಲ್ಲಿ ರಾಜ್ಯವು ತಂದ ತಿದ್ದುಪಡಿಯ ಮುಖ್ಯಭಾಗಗಳನ್ನು ೨೦೨೨ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ರದ್ದುಪಡಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿ, ೨೨ನೆಯ ತಾರೀಖು ರಾಷ್ಟ್ರಪತಿಗಳ ಅಂಕಿತ ಪಡೆದ ಶಾಸನವು ಅಂತರ್ಜಾಲದಲ್ಲಿ ಹಣವಿಟ್ಟಾಡುವ ಆಟಗಳನ್ನು ಕೌಶಲ, ಅದೃಷ್ಟಗಳ ಭೇದವೆಣಿಸದೆ ನಿಷೇಧಿಸಿತು. ಎದುರುಬದುರಾಗಿ ಕುಳಿತು ಆಡುವ ಆಟವು ಆ ಶಾಸನದ ವ್ಯಾಪ್ತಿಗೆ ಬಾರದು.

ಹೀಗೆ ಶಾಸನವು ಕಾಲಕಾಲಕ್ಕೆ ಗೆರೆಯನ್ನು ಈಚೆಗೂ ಆಚೆಗೂ ಎಳೆಯುವುದು ಸಹಜ. ಯಾವುದಕ್ಕೆ ಶಿಕ್ಷೆ ಎಂಬುದಷ್ಟೇ ಅದರ ವಿಚಾರ. ಯಾವುದು ಲಿಂಗಾರ್ಪಣಕ್ಕೆ ಯೋಗ್ಯ ಎಂಬುದನ್ನು ನ್ಯಾಯಾಲಯದ ಮುಂದೆ ಯಾರೂ ಕೇಳಲಿಲ್ಲ, ಕೇಳಬೇಕಾದ ಸ್ಥಳವೂ ಅದಲ್ಲ.

ಕೌಶಲದ ಮಾತನ್ನು ಇಷ್ಟಕ್ಕೇ ಬಿಡಲಾಗದು. ಸಮರ್ಥನೆಯ ಮೂಲಸ್ತಂಭವೇ ಅದಾಗಿದೆ. ಪೋಕರಿನ ಪ್ರಸಿದ್ಧವಾದ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆಗಳನ್ನು ಗುಪ್ತವಾಗಿ ಕೊಟ್ಟು, ಐದು ಎಲೆಗಳನ್ನು ನಡುವೆ ಬಿಚ್ಚಿಡುತ್ತಾರೆ. ನಡುನಡುವೆ ನಾಲ್ಕು ಸಲ ಪಣವೇರಿಸುವ ಅವಕಾಶವಿರುತ್ತದೆ. ಐವತ್ತೆರಡು ಎಲೆಗಳಿಂದ ಎರಡನ್ನು ಕೊಡುವ ಬಗೆಗಳು ೧,೩೨೬. ರಾಜನಿಗೆ ರಾಜ, ಎಕ್ಕಕ್ಕೆ ಎಕ್ಕ ಎಂಬಂತೆ ಜೋಡಿ ಬೀಳುವುದು ಹದಿನೇಳರಲ್ಲಿ ಒಂದು ಸಲ. ಈ ಗಣಿತವನ್ನು ಬಲ್ಲವನು, ಎದುರಾಳಿಯ ಮುಖವನ್ನು ಓದಬಲ್ಲವನು, ತನ್ನ ಮುಖವನ್ನು ಮರೆಮಾಚಬಲ್ಲವನು ಬಹುಕಾಲ ಆಡಿದರೆ ಮುಂದೆ ಬರುವನೆಂಬುದು ನಿಜ. ಅಲ್ಲಿ ಬುದ್ಧಿಯಿದೆ, ತಾಳ್ಮೆಯಿದೆ, ಇಂದ್ರಿಯಗಳ ಮೇಲಿನ ಹಿಡಿತವೂ ಒಂದು ಮಟ್ಟಕ್ಕಿದೆ. ಇದನ್ನು ಅಲ್ಲಗಳೆದು ಮಾತನಾಡಿದರೆ ಆಟವನ್ನು ಬಲ್ಲ ತರುಣನು ನಕ್ಕು ಎದ್ದುಹೋಗುವನು.

ಆದರೆ ಕೌಶಲವಿದೆಯೆಂದು ಒಪ್ಪಿದೊಡನೆ ಬೇರೊಂದು ಪ್ರಶ್ನೆ ಹುಟ್ಟುತ್ತದೆ. ಕೇವಲ ಅದೃಷ್ಟದ ಆಟದಲ್ಲಿ ಜಾಣನೂ ದಡ್ಡನೂ ಸಮಾನರು, ಇಬ್ಬರೂ ಕುರುಡರು. ಕೌಶಲದ ಆಟದಲ್ಲಾದರೋ ಒಬ್ಬನಿಗೆ ಕಣ್ಣಿದೆ, ಇನ್ನೊಬ್ಬನಿಗಿಲ್ಲ. ಮತ್ತು ಕಣ್ಣಿದ್ದವನಿಗೆ ಈ ವ್ಯತ್ಯಾಸ ತಿಳಿದಿದೆ. ಅವನ ಲಾಭವು ಬರುವುದು ಎಲೆಯಿಂದಲ್ಲ, ಮೇಜಿನ ಸುತ್ತ ಕುಳಿತ ಅತ್ಯಂತ ದುರ್ಬಲನಿಂದ. ಊರಿನ ಸ್ಪರ್ಧೆಯಲ್ಲಿ ಆ ದುರ್ಬಲನು ಅಪರಿಚಿತನಲ್ಲ. ಅವನು ನೆರೆಮನೆಯವನು, ಕೊನೆ ಕೊಯ್ಯುವಾಗ ಹೆಗಲು ಕೊಟ್ಟವನು, ಲಿಂಗಧಾರಿಯಾಗಿದ್ದು ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದವನು. ಹಾಗಾದರೆ ಕೌಶಲವೆಂಬ ಸಮರ್ಥನೆಯು ಪೊಲೀಸರ ಮುಂದೆ ಆಟಗಾರನನ್ನು ಬಿಡಿಸುತ್ತದೆ. ಶರಣರ ಮುಂದೆ ಅದೇ ಅವನನ್ನು ಹಿಡಿದುಕೊಡುತ್ತದೆ.

ವರ್ತಕನೂ ತನ್ನ ಜಾಣ್ಮೆಯಿಂದಲೇ ಲಾಭ ಮಾಡುವನಲ್ಲವೆ ಎಂದು ಕೇಳಬಹುದು. ಪ್ರಶ್ನೆ ಯೋಗ್ಯವಾಗಿದೆ. ಆದರೆ ವರ್ತಕನ ಅಂಗಡಿಯಿಂದ ಹೊರಡುವವನ ಚೀಲದಲ್ಲಿ ಬೆಲ್ಲವಿರುತ್ತದೆ, ಬಟ್ಟೆಯಿರುತ್ತದೆ. ಇಪ್ಪತ್ತು ಮಂದಿ ತಲಾ ಒಂದು ಸಾವಿರ ರೂಪಾಯಿ ಕಟ್ಟಿ ಆಡಲು ಕುಳಿತರೆಂದು ಭಾವಿಸೋಣ. ಸಂಗ್ರಹವಾದದ್ದು ಇಪ್ಪತ್ತು ಸಾವಿರ. ಆಡಿಸುವವನು ಖರ್ಚಿಗೆಂದು ಎರಡು ಸಾವಿರ ತೆಗೆದಿಟ್ಟು, ಉಳಿದುದನ್ನು ಮೂವರಿಗೆ ಹಂಚುವನು. ಹದಿನೇಳು ಮಂದಿ ಬರಿಗೈಯಲ್ಲಿ ಮನೆಗೆ ನಡೆಯುವರು. ಒಂದು ರಾತ್ರಿಯ ಅಷ್ಟೂ ಜಾಗರಣೆಯಿಂದ ಊರಿನಲ್ಲಿ ಒಂದು ಹಿಡಿ ಅಕ್ಕಿಯಾಗಲಿ ಒಂದು ಸಿಂಗಾರದ ಅಡಿಕೆಯಾಗಲಿ ಹೆಚ್ಚಲಿಲ್ಲ; ಇದ್ದ ಹಣವು ಎರಡು ಸಾವಿರದಷ್ಟು ಕಡಿಮೆಯಾಯಿತು. ಇಂಥ ಹತ್ತು ರಾತ್ರಿಗಳು ಕಳೆದರೆ ಕಡಿಮೆಯಾದದ್ದು ಇಪ್ಪತ್ತು ಸಾವಿರ, ಅಂದರೆ ಮೊದಲ ರಾತ್ರಿಯ ಇಡೀ ಗಂಟು.

ಅಡಿಕೆಯ ಕೃಷಿಯೇ ಒಂದು ಜೂಜು ಎಂಬ ಮಾತು ಈ ಮೂರು ತಾಲ್ಲೂಕುಗಳಲ್ಲಿ ಹೆಜ್ಜೆಹೆಜ್ಜೆಗೂ ಕೇಳಿಬರುತ್ತದೆ. ಮಳೆ ಹೆಚ್ಚಿದರೆ ಕೊಳೆರೋಗ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ. ಎಲ್ಲವೂ ಸರಿಯಿದ್ದರೆ ಮಂಡಿಯಲ್ಲಿ ಧಾರಣೆ ಬೀಳುವುದು. ಸಸಿ ನೆಟ್ಟವನು ಫಲಕ್ಕಾಗಿ ಐದಾರು ವರ್ಷ ಕಾಯಬೇಕು. ಇಷ್ಟು ಅನಿಶ್ಚಯದಲ್ಲಿ ಬದುಕುವವನು ಒಂದು ರಾತ್ರಿ ಎಲೆ ಹಿಡಿದರೆ ಏನು ಮಹಾ ಎಂದು ಅವನ ವಾದ. ಈ ಮಾತಿನ ಹಿಂದೆ ಇರುವ ನೋವನ್ನು ಲಘುವಾಗಿ ಕಾಣಬಾರದು. ಆದರೂ ಎರಡು ಅನಿಶ್ಚಯಗಳೂ ಒಂದೇ ಜಾತಿಯವಲ್ಲ. ಕೃಷಿಕನು ಅನಿಶ್ಚಯವನ್ನು ಬಯಸಿದವನಲ್ಲ. ಅದನ್ನು ಕಡಿಮೆ ಮಾಡುವುದಕ್ಕಾಗಿಯೇ ಅವನ ವರ್ಷವೆಲ್ಲ ಸವೆಯುತ್ತದೆ. ಕೊನೆಗಳಿಗೆ ಕೊಟ್ಟೆ ಕಟ್ಟಿದವರೂ ಬೋರ್ಡೋ ದ್ರಾವಣ ಹೊಡೆದವರೂ ಇದಕ್ಕಾಗಿಯೇ ಮರವೇರಿದರು. ಕೆಳದಿಯ ಅರಸರು ಲಿಂಗವಂತರು. ಕೆಳದಿ, ಇಕ್ಕೇರಿ, ಬಿದನೂರುಗಳಲ್ಲಿ ಕುಳಿತು ಕವಲೇದುರ್ಗದವರೆಗೂ ಇದೇ ನಾಡನ್ನು ಆಳಿದರು. ಆ ವಂಶದ ಶಿವಪ್ಪನಾಯಕನು ೧೬೪೫ರಿಂದ ೧೬೬೦ರವರೆಗಿನ ತನ್ನ ಆಳ್ವಿಕೆಯಲ್ಲಿ ಶಿಸ್ತೆಂಬ ಕಂದಾಯದ ಪದ್ಧತಿಯನ್ನು ಏರ್ಪಡಿಸುವಾಗ ಬಗೆಬಗೆಯ ಭೂಮಿಗಳ ಬೀಜ, ಖರ್ಚು, ಹುಟ್ಟುವಳಿಗಳ ಲೆಕ್ಕವನ್ನು ವರ್ಷಗಳ ಕಾಲ ಇರಿಸಿ ನೋಡಿಸಿದನೆಂದು ಪ್ರಸಿದ್ಧಿಯಿದೆ. ದೈವಾಧೀನವಾದ ಬೆಳೆಯನ್ನೂ ಮನುಷ್ಯಪ್ರಯತ್ನದಿಂದ ಅಳೆದು, ಅನಿಶ್ಚಯದ ಭಾರವನ್ನು ಹದಮಾಡುವುದು ಒಳ್ಳೆಯ ರಾಜನ ಕಾಯಕ. ಜೂಜಾದರೋ ಅನಿಶ್ಚಯವನ್ನು ಬೇಕೆಂದು ಹುಟ್ಟಿಸಿ ಮಾರುತ್ತದೆ. ಅನಿಶ್ಚಯವಿಲ್ಲದಿದ್ದರೆ ಆಟವೇ ಇಲ್ಲ.

ಈ ಸಂದರ್ಭದಲ್ಲಿ ನೆನೆಯಬೇಕಾದ ಶರಣೆಯೊಬ್ಬಳು ನೆರೆಯ ಶಿಕಾರಿಪುರ ಸೀಮೆಯವಳೇ. ಅಲ್ಲಮಪ್ರಭುವಿನ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿಗಳಿಗೆ ದೂರವಲ್ಲದ ಹಿರೇಜಂಬೂರಿನ ಸತ್ಯಕ್ಕನು ಶಂಭುಜಕ್ಕೇಶ್ವರನ ಅಂಕಿತದಲ್ಲಿ ವಚನಗಳನ್ನು ನುಡಿದವಳು. ಅಂಗಳ ಗುಡಿಸುವುದು ಅವಳ ಕಾಯಕ. ಲಂಚಕ್ಕೆ ಕೈಯೊಡ್ಡುವುದಿಲ್ಲ, ನಡೆವ ದಾರಿಯಲ್ಲಿ ಚಿನ್ನವೋ ವಸ್ತ್ರವೋ ಬಿದ್ದಿದ್ದರೂ ಮುಟ್ಟುವುದಿಲ್ಲ ಎಂಬುದು ಅವಳು ಕೈಗೊಂಡ ವ್ರತ. ಇದರ ಸೂಕ್ಷ್ಮವನ್ನು ನೋಡಬೇಕು. ದಾರಿಯಲ್ಲಿ ಬಿದ್ದ ಚಿನ್ನಕ್ಕೆ ಒಡೆಯನಾರೆಂದು ತಿಳಿಯದು; ಎತ್ತಿಕೊಂಡವಳನ್ನು ಕಳ್ಳಿಯೆಂದು ಯಾರೂ ಅನ್ನಲಾರರು. ಆದರೂ ತಾನು ಗುಡಿಸಿ ಗಳಿಸದ್ದು ತನ್ನದಲ್ಲವೆಂಬುದು ಅವಳ ನಿಲುವು. ಪಣದ ಹಣಕ್ಕಾದರೋ ಒಡೆಯನು ಗೊತ್ತು. ಅವನು ಎದುರಿಗೇ ಕುಳಿತು ಹಣೆಯ ಬೆವರನ್ನು ಒರೆಸಿಕೊಳ್ಳುತ್ತಿರುವನು. ಸತ್ಯಕ್ಕನ ಕೈ ಮುಟ್ಟದ ಚಿನ್ನಕ್ಕಿಂತ ಇದು ಶುದ್ಧವೆಂದು ಹೇಳಬಲ್ಲವರು ಯಾರು? ಅವನು ಮನಃಪೂರ್ವಕವಾಗಿಯೇ ಇಟ್ಟನೆಂಬ ಉತ್ತರವುಂಟು. ಮನಃಪೂರ್ವಕವಾಗಿ ಇಟ್ಟದ್ದು ಗೆಲ್ಲುವ ಆಸೆಯಿಂದ, ಕೊಡುವ ಇಚ್ಛೆಯಿಂದಲ್ಲ.

ಗೆದ್ದ ಹಣದಲ್ಲಿ ಒಂದು ಪಾಲನ್ನು ಮಠದ ದಾಸೋಹಕ್ಕೆ ಸಲ್ಲಿಸಿದರೆ ಉಳಿದುದು ಶುದ್ಧವಾಗುವುದೆಂಬ ಭ್ರಾಂತಿಯೂ ಕೆಲವರಲ್ಲಿದೆ. ಇದಕ್ಕೆ ಉತ್ತರವನ್ನು ಆಯ್ದಕ್ಕಿ ಲಕ್ಕಮ್ಮ ಕೊಟ್ಟು ಎಂಟುನೂರು ವರ್ಷಗಳು ಸಂದಿವೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಭಕ್ತರೆಲ್ಲರಿಗೂ ಗೊತ್ತಿರುವುದೇ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದನ್ನೇ ಅಟ್ಟು ಜಂಗಮರಿಗೆ ನೀಡುವುದು ಅವರ ವ್ರತ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಅದು ಕಳವಿನದಲ್ಲ, ಜೂಜಿನದೂ ಅಲ್ಲ, ನೆಲದ ಮೇಲಿಂದಲೇ ಆಯ್ದದ್ದು, ಹೋಗುತ್ತಿದ್ದುದಾದರೂ ದಾಸೋಹಕ್ಕೇ. ಇಷ್ಟಾದರೂ ಲಕ್ಕಮ್ಮ ಒಲೆ ಹಚ್ಚಲಿಲ್ಲ. ಇಂದಿನ ಅಗತ್ಯಕ್ಕಿಂತ ಹೆಚ್ಚಿನದನ್ನು ತಂದದ್ದು ಯಾವ ಮನಸ್ಸು ಎಂದು ಗಂಡನನ್ನೇ ಕೇಳಿದಳು. ಹೆಚ್ಚಿನದನ್ನು ತೆಗೆದ ಸ್ಥಳದಲ್ಲಿಯೇ ಸುರಿದುಬರಲು ಕಳುಹಿಸಿದಳು. ಅಂಗಳದ ಅಕ್ಕಿಯೇ ಅವಳ ಒಲೆಗೆ ಸಲ್ಲದೆ ಹೋಯಿತೆಂದ ಮೇಲೆ ನೆರೆಯವನ ಜೇಬಿನಿಂದ ಗೆದ್ದ ನೋಟು ಯಾವ ಒಲೆಗೆ ಸಲ್ಲುವುದು? ಇಲ್ಲಿ ಸ್ವೀಕರಿಸುವವರ ಹೊಣೆಯೂ ಉಂಟೆಂಬುದನ್ನು ಸ್ಪಷ್ಟವಾಗಿಯೇ ಹೇಳತಕ್ಕದ್ದು. ಜಾತ್ರೆಯ ಖರ್ಚಿಗೆಂದು, ಗುಡಿಯ ಜೀರ್ಣೋದ್ಧಾರಕ್ಕೆಂದು ಇಸ್ಪೀಟಿನ ಸ್ಪರ್ಧೆಯಿಂದ ಹಣ ಕೂಡಿಸುವ ಯೋಚನೆ ಸಮಿತಿಗಳಿಗೆ ಬಂದಾಗ ಹಿರಿಯರು ಬಾಯಿ ಮುಚ್ಚಿಕೊಂಡಿರುವುದು ಸಲ್ಲದು. ದೊಡ್ಡ ಗಂಟು ತಂದವನಿಗೆ ಶಾಲು ಹೊದಿಸುವ ಮೊದಲು ಲಕ್ಕಮ್ಮನ ಪ್ರಶ್ನೆಯನ್ನು ಮಠಗಳೂ ಕೇಳಬೇಕು. ಕೇಳಿದರೆ ಹುಂಡಿ ಕೆಲವು ಕಾಲ ಹಗುರಾಗಬಹುದು.

ಆಟಮಾತ್ರವೇ ಪಾಪವೆಂದು ಇಲ್ಲಿ ಅಭಿಪ್ರಾಯವಲ್ಲ. ಶರಣರ ಕಾಲಕ್ಕೆ ಸ್ವಲ್ಪವೇ ಹಿಂದೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಚದುರಂಗ, ಪಗಡೆಗಳನ್ನು ರಾಜವಿನೋದಗಳಲ್ಲಿ ಸೇರಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಲ್ಲಿ ಗಂಜೀಫಾ ಎಲೆಗಳ ಆಟಗಳನ್ನೇ ವಿವರವಾಗಿ ಬರೆಯಿಸಿದರು. ಮಳೆಯ ಸಂಜೆ ಮನೆಮಂದಿ ಕೂಡಿ ಅಳಗುಳಿಮಣೆಯನ್ನೋ ಚೌಕಾಬಾರವನ್ನೋ ಎಲೆಗಳನ್ನೋ ಆಡಿದರೆ ಯಾವ ಶರಣನೂ ಹುಬ್ಬು ಗಂಟಿಕ್ಕುವುದಿಲ್ಲ. ಪಣವಿಲ್ಲದೆ ಆಡಿದರೆ ರುಚಿಯಿಲ್ಲ ಎನ್ನುವವನು ಮಾತ್ರ ತನಗೆ ರುಚಿಸುತ್ತಿರುವುದು ಆಟವೋ ಪಣವೋ ಎಂಬುದನ್ನು ಒಂದು ಸಂಜೆ ಹಾಗೆ ಆಡಿ ಪರೀಕ್ಷಿಸಿಕೊಳ್ಳಬಹುದು.

ಈಗಾಗಲೇ ಸೋತು ಕುಳಿತವರ ವಿಷಯವೇ ಕಠಿನವಾದುದು. ಸೋತವನು ಮೊದಲು ಮಾಡುವ ಕೆಲಸ ಮುಚ್ಚಿಡುವುದು. ಸಹಕಾರಿ ಸಂಘದಲ್ಲಿ ಹೆಂಡತಿಯ ಸರವನ್ನು ಅಡವಿಡುವನು; ಬೆಳೆ ಮರದಲ್ಲಿರುವಾಗಲೇ ತೋಟವನ್ನು ಚೇಣಿಗೆ ಕೊಟ್ಟು ಮುಂಗಡ ಪಡೆಯುವನು; ಕೇಳಿದರೆ ರೋಗಕ್ಕೆ ಔಷಧಿ ತಂದೆನೆನ್ನುವನು. ಕಳೆದುದನ್ನು ಕಳೆದ ಸ್ಥಳದಲ್ಲಿಯೇ ಹುಡುಕುವೆನೆಂದು ಮರಳಿ ಮೇಜಿಗೆ ಹೋಗುವನು. ಇಂಥವನನ್ನು ಪಂಕ್ತಿಯಿಂದ ಎಬ್ಬಿಸುವುದರಿಂದ ಏನೂ ಸಾಧಿಸಿದಂತಾಗದು. ಕನ್ನಗಳ್ಳನಾಗಿದ್ದವನನ್ನೂ ಹೆಂಡ ಮಾರುತ್ತಿದ್ದವನನ್ನೂ ತಮ್ಮೊಳಗೆ ಕೂಡಿಸಿಕೊಂಡು ಕನ್ನದ ಮಾರಿತಂದೆ, ಹೆಂಡದ ಮಾರಯ್ಯರೆಂದು ಗೌರವಿಸಿದ ಗೋಷ್ಠಿ ಕಲ್ಯಾಣದ್ದು.

ಅವನು ಸಾಲದ ಲೆಕ್ಕವನ್ನು ಮೊದಲು ಬಿಚ್ಚಬೇಕಾದದ್ದು ಗುರುವಿನ ಮುಂದಲ್ಲ, ಮನೆಯಾಕೆಯ ಮುಂದೆ. ಯಾರ ಯಾರ ಬಳಿ ಎಷ್ಟೆಷ್ಟು ಎಂಬುದನ್ನು ಕಾಗದದಲ್ಲಿ ಬರೆದು, ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸುವ ದಾರಿಯನ್ನು ಇಬ್ಬರೂ ಕೂಡಿ ಹುಡುಕಬೇಕು. ಹಣದ ವಹಿವಾಟು ಕೆಲವು ವರ್ಷ ಅವಳ ಕೈಯಲ್ಲಿರುವುದು ಕ್ಷೇಮ. ಮಂಡಿಗೆ ಸರಕು ಹಾಕಲು ಹೋಗುವಾಗ ಒಬ್ಬನೇ ಹೋಗದೆ ಅಣ್ಣನನ್ನೋ ಬೆಳೆದ ಮಗನನ್ನೋ ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಚೇಣಿಗೆ ಹೋದ ತೋಟವು ಮರಳಿ ಬರುವವರೆಗೆ ಆ ತೋಟದಲ್ಲಿಯೇ ಕೂಲಿಗೆ ನಿಲ್ಲಬೇಕಾಗಿ ಬಂದರೂ ನಿಲ್ಲಬಹುದು. ಆ ಕೂಲಿಯ ಮೊದಲ ದಿನದ ಹಣದಿಂದ ತಂದ ಅಕ್ಕಿಯನ್ನು ಲಿಂಗಕ್ಕೆ ಅರ್ಪಿಸಿ ಉಣ್ಣಲು ಅವನು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ.